‘ಹೂಂ’ ಅಂದ್ರೆ ಕೇಳಿಸ್ತು ಅಂತಲ್ಲ

2020ರ ಜೂನ್‌ನಲ್ಲಿ ಒಬ್ರು ತಾತ ತಮ್ಮ ಕಿವಿ ಮಷಿನ್ನನ್ನ ಸ್ಯಾನಿಟೈಸರ್‌ನಲ್ಲಿ ಮುಳುಗಿಸಿಟ್ಟಿದ್ರು. ಸ್ಟೀಲ್ ಲೋಟದಲ್ಲಿ, ರಾತ್ರಿಯಿಡೀ, ಹಲ್ಲಿನ ಸೆಟ್ಟು ನೀರಲ್ಲಿ ಹಾಕಿಡ್ತಾರಲ್ಲ ಹಾಗೆ. ಬೆಳಗ್ಗೆ ತೆಗೆದು ಪಂಚೆಯಲ್ಲಿ ಒರೆಸಿ ಹಾಕ್ಕೊಂಡ್ರೆ ಸದ್ದೇ ಇಲ್ಲ. ಮಗ ಫೋನ್ ಮಾಡಿ, "ಮೇಡಂ, ನೀವೇ ಮೆಸೇಜ್ ಹಾಕಿದ್ರಲ್ಲ, ಮಷಿನ್ನ ದಿನಾ ಸ್ಯಾನಿಟೈಸ್ ಮಾಡಿ ಅಂತ" ಅಂದ್ರು. ನಾನು ಸ್ವಲ್ಪ ಗತ್ತಲ್ಲೇ "ನಾನ್ಯಾಕೆ ಹಾಗೆ ಹೇಳ್ಲಿ" ಅಂದು ವಾಟ್ಸಾಪ್ ತೆಗೆದು ನೋಡಿದ್ರೆ, ಹೌದು, ನಾನೇ ಬರೆದಿದ್ದು, ಕೊನೇಲಿ ಕೈಮುಗಿಯೋ ಇಮೋಜಿ ಬೇರೆ.

ನನ್ನ ತಲೇಲಿದ್ದದ್ದು ಒಣಗಿದ ಬಟ್ಟೆಯಲ್ಲಿ ಒರೆಸೋದು, ಮುಟ್ಟೋಕೆ ಮುಂಚೆ ಕೈ ಸ್ವಚ್ಛ ಮಾಡ್ಕೊಳ್ಳೋದು. ಬರೆದದ್ದು ಮಾತ್ರ ಒಂದೇ ಪದ. ಆಲ್ಕೋಹಾಲ್ ಮೈಕಿನ ತೂತಿನೊಳಗೆ ಹೋದ್ರೆ ಆ ಮಷಿನ್ನಿನ ಕಥೆ ಮುಗೀತು ಅನ್ನೋದು ನನಗೆ ಗೊತ್ತು, ಚನ್ನರಾಯಪಟ್ಟಣದ ಹತ್ರದ ಒಂದು ಹಳ್ಳೀಲಿರೋ ಎಪ್ಪತ್ತೆಂಟು ವರ್ಷದ ರೈತರಿಗೆ ಹೇಗೆ ಗೊತ್ತಿರ್ಬೇಕು? ಹೊಸ ಮಷಿನ್ ಅರ್ಧ ಬೆಲೆಗೆ ಕೊಟ್ಟೆ. ಬಾಕಿ ಅರ್ಧ ನನ್ನ ಬುದ್ಧಿ ಕಲಿತ ಫೀಸು ಅಂದ್ಕೊಂಡೆ.

ಇದನ್ನೆಲ್ಲ ಈಗ ಯಾಕೆ ಬರೀತಿದೀನಿ ಅಂದ್ರೆ, ಹೋದ ತಿಂಗಳು ನನ್ನ ಜೂನಿಯರ್ ಒಬ್ಳು ಹೊಸದಾಗಿ ಕ್ಲಿನಿಕ್ ತೆಗೆದವಳು ಫೋನ್ ಮಾಡಿ, "ಅಕ್ಕಾ, ಮತ್ತೆ ಕೊರೋನಾ ಥರದ್ದು ಏನಾದ್ರೂ ಬಂದ್ರೆ ನಾವೇನ್ ಮಾಡ್ಬೇಕು, ಒಂದು ಲಿಸ್ಟ್ ಕಳಿಸಿ" ಅಂದ್ಳು. ಅವಳು ಆಗಿನ್ನೂ ಸ್ಟೂಡೆಂಟು, ಮೈಸೂರಿನ ಮಾನಸಗಂಗೋತ್ರಿ ಹಾಸ್ಟೆಲಿಂದ ಮನೆಗೆ ಹೋಗಿ ಆನ್‌ಲೈನಲ್ಲಿ ಪಾಠ ಕೇಳಿದ ಬ್ಯಾಚು. ಲಿಸ್ಟ್ ಮಾಡೋಕೆ ಕೂತೆ, ಆಗ್ಲಿಲ್ಲ. ಲಿಸ್ಟ್‌ಗಳು ಆಗ್ಲೂ ಬೇಕಾದಷ್ಟಿದ್ವು. ನಮ್ಮ ದೇಶದ್ದು, ಅಮೆರಿಕದ್ದು, ಬ್ರಿಟನ್ನಿನ ಆಡಿಯಾಲಜಿ (ಕಿವಿ ಟೆಸ್ಟ್ ಮಾಡಿ ಮಷಿನ್ ಹಾಕೋ ನಮ್ಮ ಕೆಲಸ) ಸಂಘಗಳೆಲ್ಲ ಸೇರಿ 2020ರ ಮೇನಲ್ಲಿ ಬಿಟ್ಟ ಗೈಡೆನ್ಸು, ಎಲ್ಲಾ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆ. ತಪ್ಪೇನೂ ಇರ್ಲಿಲ್ಲ ಅದ್ರಲ್ಲಿ. ಆದ್ರೆ ತಾತನ ಲೋಟ ಯಾವ ಲಿಸ್ಟಲ್ಲೂ ಇರ್ಲಿಲ್ಲ.

ನನ್ನದು ಹಾಸನದಲ್ಲಿ ಒಂದು ಚಿಕ್ಕ ಕ್ಲಿನಿಕ್ಕು. ಜನ ‘ಕಿವಿ ಮೇಡಂ’ ಅಂತಾರೆ, ಕೆಲವರು ‘ಡಾಕ್ಟ್ರೇ’ ಅಂತಾರೆ, ನಾನು ಡಾಕ್ಟರ್ ಅಲ್ಲ ಆಡಿಯಾಲಜಿಸ್ಟ್ ಅಂತ ಹೇಳಿ ಹೇಳಿ ಈಗ ಬಿಟ್ಟಿದೀನಿ. ಮಾರ್ಚ್ 25ಕ್ಕೆ ಲಾಕ್‌ಡೌನ್ ಆದಾಗ ಹಾಸನ ಜಿಲ್ಲೇಲಿ ಒಂದೂ ಕೇಸಿರ್ಲಿಲ್ಲ, ಮೇ ಎರಡನೇ ವಾರ ಮುಂಬೈಯಿಂದ ಊರಿಗೆ ಬಂದವರಲ್ಲಿ ಕಾಣಿಸ್ಕೊಳ್ಳೋವರೆಗೂ ನಾವು ಹಸಿರು ವಲಯ. ಆದ್ರೂ ಭಯ ಮಾತ್ರ ಬೆಂಗಳೂರಿಗಿಂತ ಕಮ್ಮಿ ಇರ್ಲಿಲ್ಲ. ಶಟರ್ ಎಳೆದು ಮನೇಲಿ ಕೂತೆ.

ಎಲ್ಲಾ ಗೈಡೆನ್ಸಿನ ಮೊದಲನೇ ಸಾಲು ಒಂದೇ: ಆದಷ್ಟೂ ದೂರದಿಂದಲೇ ನೋಡಿ, ಫೋನಲ್ಲಿ ಮುಗಿಸಿ, ತೀರಾ ಅಗತ್ಯ ಇದ್ರೆ ಮಾತ್ರ ಕರೆಸಿ. ಸರಿಯಾದ ಮಾತೇ. ಆದ್ರೆ ಕಿವಿ ಕೇಳಿಸದವರಿಗೆ ಫೋನ್ ಮಾಡಿ ನಿಮ್ಮ ಮಷಿನ್ ಹೇಗಿದೆ ಅಂತ ಕೇಳೋದು ಅಂದ್ರೆ ಏನು ಅಂತ ಒಂದ್ಸಲ ಮಾಡಿ ನೋಡಿ. ಆ ಕಡೆಯಿಂದ "ಹಲೋ, ಯಾರು, ಹಾಂ, ಹೂಂ ಹೂಂ ಚೆನ್ನಾಗಿದೀವಿ, ಊಟ ಆಯ್ತು" ಅಂತ ಬರುತ್ತೆ, ಕಟ್ ಆಗುತ್ತೆ. ಹಾಗಾಗಿ ಮನೇಲಿ ಕಿವಿ ನೆಟ್ಟಗಿರೋ ಒಬ್ಬರನ್ನ ಹಿಡ್ಕೋಬೇಕಾಯ್ತು, ಸೊಸೇನೋ ಮೊಮ್ಮಗಳೋ. ಸ್ಮಾರ್ಟ್‌ಫೋನ್ ಇದ್ದ ಮನೆಗಳಲ್ಲಿ ವಿಡಿಯೋ ಕಾಲ್. ವಿಡಿಯೋ ಕಾಲಲ್ಲಿ ನಾನು ಮಾಸ್ಕಿಲ್ಲದೆ ಮಾತಾಡ್ಬೋದಲ್ಲ, ತುಟಿ ಕಾಣುತ್ತಲ್ಲ, ಅದೊಂದು ಲಾಭ, ನೆಟ್‌ವರ್ಕ್ ಇದ್ರೆ. ಸಕಲೇಶಪುರದ ಕಡೆಯವರು ತೋಟದ ದಿಣ್ಣೆ ಮೇಲೆ ನಿಂತು ಮಾತಾಡೋರು, ಚಿತ್ರ ಅಲ್ಲೇ ನಿಂತು ಮಾತು ಮುಂದೆ ಹೋಗೋದು, ತುಟಿಗೂ ಸದ್ದಿಗೂ ಸಂಬಂಧ ಇರ್ತಿರ್ಲಿಲ್ಲ. ಅದಕ್ಕಿಂತ ಬರೀ ಸದ್ದೇ ವಾಸಿ ಅನ್ನಿಸೋದು.

ಆ ಎರಡು ತಿಂಗಳು ನನ್ನ ನಿಜವಾದ ಕೆಲಸ ಅಂದ್ರೆ ಸೆಲ್ಲು ತಲುಪಿಸೋದು. ಕಿವಿ ಮಷಿನ್ನಿನ ಸೆಲ್ಲು ಒಂದು ವಾರ ಹತ್ತು ದಿನ ಬರುತ್ತೆ ಅಷ್ಟೆ, ಅದು ಹಳ್ಳಿ ಅಂಗಡೀಲಿ ಸಿಗಲ್ಲ, ಬಸ್ಸಿಲ್ಲ. ಎಷ್ಟೇ ದೊಡ್ಡ ಮಷಿನ್ ಇದ್ರೂ ಸೆಲ್ಲಿಲ್ಲ ಅಂದ್ರೆ ಅದು ಕಿವೀಲಿಟ್ಟ ಪ್ಲಾಸ್ಟಿಕ್ ತುಂಡು. ಸೆಲ್ಲಿನ ಸೈಜ್ ನಂಬರ್ ಕೇಳಿದ್ರೆ ಯಾರಿಗೂ ಗೊತ್ತಿರಲ್ಲ, ಅಷ್ಟು ಚಿಕ್ಕ ಅಕ್ಷರ ಓದೋಕೂ ಆಗಲ್ಲ, ಆಗ ಉಪಯೋಗಕ್ಕೆ ಬಂದದ್ದು ಸ್ಟಿಕ್ಕರ್ ಬಣ್ಣ. ಯಾವ ಕಂಪನಿಯದಾದ್ರೂ 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. "ಅಜ್ಜಿ, ಸ್ಟಿಕ್ಕರ್ ಯಾವ ಬಣ್ಣ?" "ಕುಂಕುಮದ ಬಣ್ಣ ಅಲ್ಲ ಕಣವ್ವ, ಅದಕ್ಕಿಂತ ತೆಳು." ಹಾಗಾದ್ರೆ 13. ಕವರಿಗೆ ಹಾಕಿ ಪೋಸ್ಟ್ ಮಾಡಿದೆ, ಅಂಚೆಯವರು ಆ ದಿನಗಳಲ್ಲೂ ಓಡಾಡ್ತಿದ್ರು. ಹಾಲಿನ ವ್ಯಾನಲ್ಲಿ ಕಳಿಸಿದೆ, ಮೆಡಿಕಲ್ ಶಾಪಿಗೆ ಬರೋ ಔಷಧಿ ಡಬ್ಬದ ಜೊತೆ ಕಳಿಸಿದೆ. ಅದ್ರಲ್ಲೂ ಒಂದು ಎಡವಟ್ಟು. ಈ ಸೆಲ್ಲುಗಳು ಗಾಳಿ ಕುಡಿದು ಕೆಲಸ ಮಾಡೋವು, ಸ್ಟಿಕ್ಕರ್ ಕಿತ್ತ ಕ್ಷಣದಿಂದ ಆಯುಸ್ಸು ಶುರು. ಒಬ್ರು ಸೊಸೆ, ಅತ್ತೆಗೆ ಕಷ್ಟ ಆಗ್ಬಾರ್ದು ಅಂತ ಆರಕ್ಕೆ ಆರೂ ಸ್ಟಿಕ್ಕರ್ ಕಿತ್ತು ಡಬ್ಬೀಲಿ ಜೋಡಿಸಿಟ್ಟಿದ್ರು. ಅಲ್ಲಿಂದ ಮುಂದೆ ಪ್ರತಿ ಕವರಿನ ಮೇಲೂ ‘ಒಂದು ಸಲಕ್ಕೆ ಒಂದೇ ಸ್ಟಿಕ್ಕರ್ ಕೀಳಿ, ಕಿತ್ತು ಒಂದು ನಿಮಿಷ ಬಿಟ್ಟು ಹಾಕಿ’ ಅಂತ ಬರೆದೆ.

ಕ್ಲಿನಿಕ್ ತೆಗೆದಾಗ ದೊಡ್ಡ ತಲೆನೋವು ರೂಮು. ಬೇರೆ ಎಲ್ಲಾರಿಗೂ ಸರ್ಕಾರ ಹೇಳ್ತಿದ್ದದ್ದು ಏನು, ಕಿಟಕಿ ತೆಗೀರಿ, ಗಾಳಿ ಆಡ್ಲಿ, ಎಸಿ ಹಾಕ್ಬೇಡಿ. ನಮ್ಮ ಟೆಸ್ಟ್ ರೂಮಿನ ಹುಟ್ಟೇ ಗಾಳಿಗೆ ವಿರುದ್ಧ. ಹೊರಗಿನ ಸದ್ದು ಬರ್ಬಾರ್ದು ಅಂತ ತೆಗೆಯೋ ಕಿಟಕಿ ಇಲ್ಲ, ದಪ್ಪ ಬಾಗಿಲು, ಅದರ ಸುತ್ತ ರಬ್ಬರ್, ಗೋಡೆಗೆಲ್ಲ ಸದ್ದು ಹೀರೋ ಮೆತ್ತೆ, ಆ ಮೆತ್ತೆಯನ್ನ ಒರೆಸೋಕೂ ಆಗಲ್ಲ ತೊಳೆಯೋಕೂ ಆಗಲ್ಲ. ಬಾಗಿಲು ತೆಗೆದಿಟ್ಟು ಟೆಸ್ಟ್ ಮಾಡೋಣ ಅಂದ್ರೆ ಬಿ.ಎಂ. ರಸ್ತೆಯ ಲಾರಿ ಹಾರ್ನೆಲ್ಲ ಒಳಗೆ, ಫ್ಯಾನ್ ಹಾಕಿದ್ರೆ ಕೆಳಗಿನ ಫ್ರೀಕ್ವೆನ್ಸಿಗಳೆಲ್ಲ ಮುಚ್ಚಿಹೋಗ್ತವೆ, ಇಲ್ಲದ ಕಿವುಡು ಗ್ರಾಫಲ್ಲಿ ಬರುತ್ತೆ. ಕೊನೆಗೆ ನಾನು ಮಾಡಿದ್ದಿಷ್ಟು: ದಿನಕ್ಕೆ ಐದೇ ಜನ, ಒಬ್ಬರು ಹೋದ್ಮೇಲೆ ಅರ್ಧ ಗಂಟೆ ಬಾಗಿಲು ಹಾರುಹೊಡೆದು ಸ್ಟ್ಯಾಂಡ್ ಫ್ಯಾನನ್ನ ಹೊರಮುಖ ಮಾಡಿ ಓಡಿಸೋದು, ಎಲ್ಲಾರಿಗೂ ಎಲ್ಲಾ ಟೆಸ್ಟೂ ಮಾಡೋ ಅಭ್ಯಾಸ ಬಿಟ್ಟು ಇವತ್ತಿನ ತೀರ್ಮಾನಕ್ಕೆ ಯಾವುದು ಬೇಕೋ ಅದು ಮಾತ್ರ. ಕಿವಿಯೊಳಗೆ ಇಡೋ ಫೋಮ್ ಟಿಪ್ಪು ಒಬ್ಬರಿಗೆ ಒಂದು, ಬಳಸಿ ಬಿಸಾಡೋದು. ಹಳೇ ಹೆಡ್‌ಫೋನಿನ ಕುಶನ್ನಿಗೆ ಹೈಪೋಕ್ಲೋರೈಟ್ (ಬ್ಲೀಚಿನ ನೀರು) ಹಾಕಿ ಒರೆಸಿದ್ರೆ ಸೀಳಿ ಹೋಗುತ್ತೆ ಅನ್ನೋದನ್ನ ಒಂದು ಜೊತೆ ಕುಶನ್ ಹಾಳು ಮಾಡಿ ಕಲಿತೆ. ನೆಲಕ್ಕೆ ಹೇಳಿದ್ದನ್ನ ಹೆಡ್‌ಫೋನಿಗೆ ಮಾಡಿದ್ರೆ ಇನ್ನೇನಾಗುತ್ತೆ, ಅಲ್ಲಿಗೆ ನಾನೂ ತಾತನೂ ಒಂದೇ.

ಯಾರನ್ನ ಕರೆಸ್ಬೇಕು ಯಾರನ್ನ ಬೇಡ ಅನ್ನೋದು ಇನ್ನೊಂದು. ಹೊಸ ಮಾಡೆಲ್ ಬೇಕು ಅನ್ನೋರು ಕಾಯ್ಬೋದು. ರಾತ್ರಿ ಸರಿಯಿದ್ದ ಕಿವಿ ಬೆಳಗ್ಗೆ ಎದ್ದಾಗ ಪೂರ್ತಿ ಮುಚ್ಚಿಹೋಗಿದೆ ಅಂದ್ರೆ ಅವರು ಒಂದು ದಿನವೂ ಕಾಯ್ಬಾರ್ದು, ತಕ್ಷಣ ಇಎನ್‌ಟಿ ಹತ್ರ ಹೋಗ್ಬೇಕು, ಸ್ಟೀರಾಯ್ಡ್ ಕೊಡೋದಾದ್ರೆ ಮೊದಲ ಎರಡು ವಾರದಲ್ಲೇ ಅದರ ಲಾಭ. ಇದನ್ನ ‘ಶೀತ ಇರ್ಬೇಕು’ ‘ಗುಗ್ಗೆ ಇರ್ಬೇಕು’ ಅಂತ ಲಾಕ್‌ಡೌನ್ ಮುಗಿಯೋವರೆಗೂ ಕೊಬ್ಬರಿ ಎಣ್ಣೆ ಬಿಟ್ಕೊಂಡು ಕೂತವರು ಇದಾರೆ. ಅವರಲ್ಲೊಬ್ಬರು ಬ್ಯಾಂಕಲ್ಲಿ ಕೆಲಸ ಮಾಡೋರು, ಮೂವತ್ತೈದೂ ಆಗಿರ್ಲಿಲ್ಲ. ಹನ್ನೊಂದು ವಾರ ಆದ್ಮೇಲೆ ಬಂದ್ರು. ಗ್ರಾಫ್ ನೋಡಿ ನನಗೆ ಮಾತು ಹೊರಡ್ಲಿಲ್ಲ. ಇದು ಕೋವಿಡಿಂದ ಆದದ್ದಾ ಅಂತ ಕೇಳಿದ್ರು, ನನಗೆ ಗೊತ್ತಿಲ್ಲ ಅಂದೆ.

ಗುಗ್ಗೆ ಅಂದ ತಕ್ಷಣ ನೆನಪಾಯ್ತು. ಕಿವಿ ನಾಳದ ಚರ್ಮಕ್ಕೆ ವೇಗಸ್ ನರದ ಒಂದು ಎಳೆ ಬರುತ್ತೆ, ಅಲ್ಲಿ ಮುಟ್ಟಿದ್ರೆ ಕೆಲವರಿಗೆ ಕೆಮ್ಮು ಬರುತ್ತೆ. ಕಾಲೇಜಲ್ಲಿ ಇದನ್ನ ಒಂದು ಮಜಾ ಸಂಗತಿ ಅಂತ ಓದಿದ್ದು. ಆ ವರ್ಷ, ಮುಖಕ್ಕೆ ಮುಖ ಅರ್ಧ ಅಡೀಲಿಟ್ಟು ಕಿವಿ ಅಚ್ಚು (ಮಷಿನ್ನಿಗೆ ಜೋಡಿಸೋ, ಅವರವರ ಕಿವಿ ಅಳತೆಯ ತುಂಡು) ತೆಗೆಯೋಕೆ ಹತ್ತಿ ಒಳಗೆ ಇಡ್ತಿರೋವಾಗ ಆ ಕಡೆಯಿಂದ ಖೊಳ್ ಅಂತ ಕೆಮ್ಮಿದ್ರೆ ಎದೆ ಧಸಕ್ ಅನ್ನೋದು. ಅವರೂ ಪಾಪ ತಪ್ಪು ಮಾಡಿದವರ ಥರ "ಇಲ್ಲ ಮೇಡಂ, ನನಗೇನಿಲ್ಲ, ಮನೇಲಿ ಯಾರಿಗೂ ಇಲ್ಲ" ಅಂತ ಗಾಬರಿಯಾಗಿ ಹೇಳೋರು. ನಾನು ಎದುರು ಕೂರೋದು ಬಿಟ್ಟು ಪಕ್ಕಕ್ಕೆ ಸ್ವಲ್ಪ ಹಿಂದಕ್ಕೆ ಕೂರೋಕೆ ಶುರುಮಾಡಿದೆ, ಮುಂಚೇನೇ "ಕೆಮ್ಮು ಬರ್ಬೋದು, ಅದು ಕಿವಿಯ ನರದ ಆಟ, ಹೆದರ್ಬೇಡಿ" ಅಂತ ಹೇಳಿಬಿಡ್ತಿದ್ದೆ. ಇದೇ ಹೊತ್ತಲ್ಲಿ ಆಸ್ಪತ್ರೆ ಕೆಲಸದ ಗೆಳೆಯರೆಲ್ಲ ಮುಂಜಾಗ್ರತೆಗೆ ಅಂತ ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗ್ತಿದ್ರು. ಅದರ ಅಡ್ಡಪರಿಣಾಮಗಳಲ್ಲಿ ಕಿವಿ ಗುಂಯ್‌ಗುಡೋದೂ ಒಂದು, ಇದನ್ನ ಅವರಿಗೆ ಹೇಳ್ಬೇಕೋ ಬೇಡ್ವೋ ಅಂತ ಒಂದು ವಾರ ಒದ್ದಾಡಿ ಹೇಳ್ದೆ.

ಆದ್ರೆ ಈ ಬರಹಕ್ಕೆ ಕೂತದ್ದು ಮಾಸ್ಕಿನ ವಿಷಯಕ್ಕೆ.

ಓದೋವಾಗ ನಮಗೆ ಮೊದಲ ವಾರವೇ ಹೇಳಿಕೊಟ್ಟಿದ್ದು: ಪೇಷೆಂಟಿನ ಎದುರಿಗೆ ಕೂರಿ, ಬೆಳಕು ನಿಮ್ಮ ಮುಖದ ಮೇಲೆ ಬೀಳ್ಲಿ, ಬಾಯಿಗೆ ಕೈ ಅಡ್ಡ ಇಡ್ಬೇಡಿ, ನಿಧಾನಕ್ಕೆ ಮಾತಾಡಿ. ಒಂದು ಬಟ್ಟೆ ತುಂಡು ಇದನ್ನೆಲ್ಲ ಅಳಿಸಿ ಹಾಕ್ತು. ಅಳತೆ ಮಾಡಿದವರ ಪ್ರಕಾರ ಸರ್ಜಿಕಲ್ ಮಾಸ್ಕು ಮೇಲಿನ ಫ್ರೀಕ್ವೆನ್ಸಿಗಳನ್ನ 3-4 ಡೆಸಿಬಲ್ ತಗ್ಗಿಸುತ್ತೆ, ಎನ್95 ಸುಮಾರು 12 ಡೆಸಿಬಲ್. ಮೇಲಿನ ಫ್ರೀಕ್ವೆನ್ಸಿ ಅಂದ್ರೆ ಸ, ಶ, ಚ ಥರದ ಸದ್ದುಗಳು, ವಯಸ್ಸಾದವರ ಕಿವೀಲಿ ಮೊದಲು ಹೋಗೋದೂ ಅವೇ. ಅದರ ಮೇಲೆ ತುಟಿಯೂ ಕಾಣಲ್ಲ. ಪ, ಬ, ಮ ಮೂರೂ ತುಟಿ ಮೇಲೆ ಒಂದೇ ಥರ ಕಾಣ್ತವೆ ನಿಜ, ಆದ್ರೆ ತುಟಿ ಮುಚ್ಚಿತು ಅನ್ನೋದಾದ್ರೂ ಗೊತ್ತಾದ್ರೆ ತ ಅಲ್ಲ ಕ ಅಲ್ಲ ಅಂತ ಅರ್ಧ ಕೆಲಸ ಮುಗೀತು, ಉಳಿದರ್ಧ ಕಿವಿ ಮಾಡ್ಕೊಳ್ಳುತ್ತೆ. ಮಾಸ್ಕ್ ಹಾಕ್ಕೊಂಡು ‘ಸಾಕು’ ಅನ್ನಿ, ಕಿವಿ ಮಂದ ಇರೋರಿಗೆ ‘ಹಾಕು’ ಅಂತ ಕೇಳಿಸುತ್ತೆ. ಊಟದ ಎಲೆ ಮುಂದೆ ಆದ್ರೆ ನಗ್ಬೋದು, ಮಾತ್ರೆ ವಿಷಯದಲ್ಲಿ ಆದ್ರೆ?

ಆ ವರ್ಷ ಹೊಸ ಥರದ ಪೇಷೆಂಟುಗಳು ಬಂದ್ರು. ಐವತ್ತು ಐವತ್ತೈದರವರು, ಮೇಷ್ಟ್ರುಗಳು, ಅಂಗಡಿ ಇಟ್ಟವರು. "ಮಾಸ್ಕ್ ಬಂದ್ಮೇಲೆ ಕಿವಿ ಹೋಯ್ತು ಮೇಡಂ, ಅದರ ದಾರದಿಂದ ನರ ಎಳೀತಾ?" ದಾರದಿಂದ ಏನೂ ಆಗಿರ್ಲಿಲ್ಲ. ಅವರು ಹತ್ತು ವರ್ಷದಿಂದ ತಮಗೇ ಗೊತ್ತಿಲ್ಲದೆ ಅರ್ಧ ಕಣ್ಣಲ್ಲೇ ಕೇಳಿಸ್ಕೊಂಡು ಬದುಕ್ತಿದ್ರು. ಕಣ್ಣಿಗೆ ಅಡ್ಡ ಬಂದಾಗ ಕಿವಿಯ ಬಂಡವಾಳ ಬಯಲಾಯ್ತು. ಮಾಸ್ಕಿನ ದಾರ ಮಾಡಿದ ನಿಜವಾದ ಹಾನಿ ಬೇರೆ, ಮಾಸ್ಕ್ ತೆಗೆಯೋವಾಗ ಕಿವಿ ಹಿಂದಿನ ಮಷಿನ್ನೂ ಜೊತೆಗೆ ಹಾರಿ ಹೋಗೋದು. ಸಂತೇಲಿ, ಬಸ್‌ಸ್ಟ್ಯಾಂಡಲ್ಲಿ, ಒಬ್ರದ್ದು ಹೇಮಾವತಿ ನಾಲೆಗೇ ಬಿತ್ತು. ದಾರವನ್ನ ತಲೆ ಹಿಂದೆ ಕಟ್ಟೋ ಮಾಸ್ಕ್ ಹೊಲಿಸ್ಕೊಳ್ಳಿ, ತೆಗೆಯೋವಾಗ ಒಂದು ಕೈ ಮಷಿನ್ ಮೇಲಿರ್ಲಿ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ.

ಮುಂದೆ ಪಾರದರ್ಶಕ ಕಿಟಕಿ ಇರೋ ಮಾಸ್ಕ್ ತರಿಸಿದೆ. ಎರಡು ನಿಮಿಷಕ್ಕೆ ಉಸಿರಿನ ಹಬೆ ಕೂತು ಬಚ್ಚಲ ಕಿಟಕಿ ಥರ ಆಗೋದು, ಜೊತೆಗೆ ಪ್ಲಾಸ್ಟಿಕ್ಕು ಸದ್ದನ್ನ ಬಟ್ಟೆಗಿಂತ ಜಾಸ್ತಿ ತಡೆಯುತ್ತೆ. ಮಾಸ್ಕ್ ಮೇಲೆ ಫೇಸ್‌ಶೀಲ್ಡ್ ಹಾಕ್ಕೊಂಡ್ರಂತೂ ನನ್ನ ಮಾತು ನನಗೇ ಕೊಡದೊಳಗಿಂದ ಬಂದ ಹಾಗೆ. ಕೂಗಿದ್ರೆ ಸರಿಹೋಗುತ್ತಾ ಅಂದ್ರೆ ಇಲ್ಲ, ಕೂಗಿದ್ರೆ ಸ್ವರ ದೊಡ್ಡದಾಗುತ್ತೆ, ವ್ಯಂಜನ ಅಲ್ಲೇ ಉಳಿಯುತ್ತೆ, ಕೇಳೋರಿಗೆ ಬೈದ ಹಾಗೆ ಅನ್ಸುತ್ತೆ ಅಷ್ಟೆ. ಸ್ಲೇಟು ತಂದೆ. ಓದು ಬರೋರಿಗೆ ಸ್ಲೇಟು, ಮಾತನ್ನ ಅಕ್ಷರ ಮಾಡೋ ಆ್ಯಪ್ ಒಂದನ್ನ ಟ್ಯಾಬಲ್ಲಿ ಹಾಕಿಟ್ಟೆ, ಕನ್ನಡದಲ್ಲೂ ಬರೀತಿತ್ತು, ನಮ್ಮ ಹಾಸನದ ಕನ್ನಡಕ್ಕೆ ಸ್ವಲ್ಪ ತಡವರಿಸ್ತಿತ್ತು. ಓದು ಬರದ ಅಜ್ಜಿಯಂದ್ರಿಗೆ ಏನೂ ಇಲ್ಲ. ಅವರು ಹೂಂ ಅಂತಿದ್ರು.

ಈ ಹೂಂ ಬಗ್ಗೆ ಹೇಳ್ಬೇಕು. ಕಿವಿ ಕೇಳಿಸದವರು ಜೀವಮಾನದಲ್ಲಿ ಕಲಿಯೋ ದೊಡ್ಡ ವಿದ್ಯೆ ಅದು. ಮತ್ತೆ ಮತ್ತೆ ‘ಏನಂದ್ರಿ’ ಅಂದ್ರೆ ಎದುರಿನವರ ಮುಖ ಸಿಂಡರಿಸುತ್ತೆ, ಮನೆಯವರೇ ಕೆಪ್ಪಿ ಅಂತಾರೆ, ಅದಕ್ಕಿಂತ ಒಂದು ಹೂಂ ಅಂದು ತಲೆಯಾಡಿಸಿದ್ರೆ ಎಲ್ಲಾರಿಗೂ ನೆಮ್ಮದಿ. ಮಾಸ್ಕಿನ ಕಾಲದಲ್ಲಿ ನನ್ನ ಕ್ಲಿನಿಕ್ ತುಂಬಾ ಹೂಂ. ನಾನೂ ಸುಸ್ತಾಗಿ, ಬೆವತು, ಆಯ್ತಲ್ಲ ಅಂತ ಕಳಿಸಿಬಿಡ್ತಿದ್ದೆ. ತಾತನ ಲೋಟದ ನಂತರ ಅದು ಆಗ್ಲಿಲ್ಲ. "ಈಗ ನಾನು ಹೇಳಿದ್ದನ್ನ ನೀವು ನನಗೆ ಹೇಳಿ" ಅಂತ ಕೇಳೋಕೆ ಶುರುಮಾಡಿದೆ. ಮೊದಲ ದಿನ ಐದು ಜನರಲ್ಲಿ ಒಬ್ಬರು ಸರಿಯಾಗಿ ಹೇಳಿದ್ರು.

ಪರಿಹಾರ ಸಿಕ್ಕಿದ್ದು ನಾನು ಬೈಕೊಳ್ತಿದ್ದ ಆ ಗಾಳಿಯಿಲ್ಲದ ರೂಮಲ್ಲೇ. ಟೆಸ್ಟ್ ರೂಮಿಗೂ ನಾನು ಕೂರೋ ಕಡೆಗೂ ನಡುವೆ ಎರಡು ಪದರದ ಗಾಜಿನ ಕಿಟಕಿ. ಒಳಗೆ ಅವರು, ಹೊರಗೆ ನಾನು ಒಬ್ಬಳೇ, ಬಾಗಿಲು ಮುಚ್ಚಿದೆ, ಮಾತು ಮೈಕಿಂದ ಅವರ ಹೆಡ್‌ಫೋನಿಗೆ ಹೋಗುತ್ತೆ. ಒಂದು ದಿನ ಅರಕಲಗೂಡಿನ ಒಬ್ರು ಅಜ್ಜಿ ಪದಗಳ ಟೆಸ್ಟಿಗೆ ಏನೂ ಹೇಳ್ದೆ ಸುಮ್ನೆ ಕೂತಾಗ, ಇದ್ಯಾಕೆ ಇಷ್ಟು ದಿನ ಹೊಳೀಲಿಲ್ಲ ಅಂತ ಮಾಸ್ಕ್ ಕೆಳಗಿಳಿಸಿ ಗಾಜಿನ ಹತ್ರ ಮುಖ ತಂದು, ಮೈಕಲ್ಲಿ "ಅಜ್ಜಿ, ಈಗ ಕೇಳಿಸ್ತಾ" ಅಂದೆ. ಅಜ್ಜಿ ಟೆಸ್ಟ್ ಬಟನ್ ಪಕ್ಕಕ್ಕಿಟ್ಟು, "ಅಯ್ಯೋ, ನೀನು ಇಷ್ಟು ಚಿಕ್ಕ ಹುಡುಗೀನಾ" ಅಂದ್ರು. ಆರು ತಿಂಗಳಿಂದ ಬರ್ತಿದ್ರು ನನ್ನ ಹತ್ರ, ಮುಖ ನೋಡಿರ್ಲಿಲ್ಲ. ಟೆಸ್ಟ್ ಬಿಟ್ಟು ಹತ್ತು ನಿಮಿಷ ಮಾತಾಡಿದ್ವಿ, ಸೊಸೆ ಬಗ್ಗೆ, ಶುಂಠಿ ರೇಟ್ ಬಗ್ಗೆ. ಆಮೇಲಿಂದ ಏನೇ ವಿವರಿಸೋದಿದ್ರೂ ಗಾಜಿನ ಆಚೀಚೆ ಕೂತೇ ವಿವರಿಸಿದೆ. (ತುಟಿ ಕಾಣಿಸಿದ್ರೆ ಪದಗಳ ಟೆಸ್ಟಿನ ಅಂಕ ಲೆಕ್ಕಕ್ಕೆ ಬರಲ್ಲ, ಅದು ಗೊತ್ತು, ಟೆಸ್ಟಿಗೆ ರೆಕಾರ್ಡ್ ಮಾಡಿದ ಪಟ್ಟಿ, ಮಾತಿಗೆ ಮುಖ.)

ಮಕ್ಕಳ ವಿಷಯಕ್ಕೆ ಬಂದ್ರೆ ಬರೆಯೋಕೆ ಕಷ್ಟ. ಹುಟ್ಟಿದ ಮಗುವಿನ ಕಿವಿಗೆ ನಾವು 1-3-6 ಅಂತೀವಿ, ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಏನಿದೆ ಅಂತ ತಿಳಿಯೋದು, ಆರು ತಿಂಗಳೊಳಗೆ ಮಷಿನ್ನೋ ಥೆರಪಿಯೋ ಶುರು. ಮಿದುಳು ಮಾತು ಕಲಿಯೋಕೆ ಕಾಯ್ಕೊಂಡು ಕೂರಲ್ಲ. ಲಾಕ್‌ಡೌನಲ್ಲಿ ಹೆರಿಗೆ ಆದವರು ಮಗು ಎತ್ಕೊಂಡು ಆಸ್ಪತ್ರೆಯಿಂದ ಓಡ್ತಿದ್ರು, ಅಲ್ಲಿ ಇನ್ನೂ ಒಂದು ಗಂಟೆ ಇರಿ ಕಿವಿ ಟೆಸ್ಟಿದೆ ಅಂತ ಯಾವ ಬಾಯಲ್ಲಿ ಹೇಳೋದು. ಆ ಮಕ್ಕಳು ಎರಡು ವರ್ಷ ತುಂಬಿದ್ಮೇಲೆ ‘ಇನ್ನೂ ಮಾತು ಬಂದಿಲ್ಲ’ ಅಂತ ಬಂದ್ರು. "ಕೊರೋನಾದಲ್ಲಿ ಮನೇಲೇ ಇತ್ತಲ್ಲ, ಜನರ ಜೊತೆ ಬೆರೀಲಿಲ್ಲ ಅದಕ್ಕೆ" ಅಂತ ಮನೆಯವರೇ ಸಮಾಧಾನ ಮಾಡ್ಕೊಂಡಿದ್ರು. ಕೆಲವರ ವಿಷಯದಲ್ಲಿ ಅದು ನಿಜವೂ ಆಗಿತ್ತು, ಉಳಿದವರ ಬೆರಾ ಟೆಸ್ಟ್ (ಸದ್ದಿಗೆ ಕಿವಿಯ ನರ, ಮಿದುಳು ಸ್ಪಂದಿಸುತ್ತಾ ಅಂತ ಗೆರೆಯಲ್ಲಿ ತೋರಿಸೋದು) ಮಾಡಿ ಸಪಾಟು ಗೆರೆ ನೋಡೋವಾಗ ತಾಯಿ ಕಡೆ ತಿರುಗೋಕೆ ಧೈರ್ಯ ಬರ್ತಿರ್ಲಿಲ್ಲ. ಮತ್ತೆ ಇಂಥದ್ದು ಬಂದ್ರೆ ಮೊದಲು ತೆರೆದಿರ್ಬೇಕಾದ್ದು ಇದು ಅಂತ ಜೂನಿಯರಿಗೆ ಹೇಳಿದೀನಿ. ಮಿಕ್ಕಿದ್ದೆಲ್ಲ ತಡ ಆದ್ರೂ ನಡೆಯುತ್ತೆ.

ಒಂದು ಖುಷಿಯದ್ದೂ ಇದೆ. ಜೂನ್ 25ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಅಂತಾದಾಗ ಒಬ್ಬ ಹುಡುಗ ಅಪ್ಪನ ಬೈಕಲ್ಲಿ ಅರಸೀಕೆರೆಯಿಂದ ಬಂದ, ಮೂರು ತಿಂಗಳಲ್ಲಿ ಬೆಳೆದುಬಿಟ್ಟಿದ್ದ, ಕಿವಿ ಅಚ್ಚು ಸಡಿಲ ಆಗಿ ಮಷಿನ್ನು ಕುಯ್ಯೋ ಅಂತ ಸೀಟಿ ಹೊಡೀತಿತ್ತು. ಪರೀಕ್ಷೆ ಹಾಲಲ್ಲಿ ಸೀಟಿ ಹೊಡೆದ್ರೆ ಎಲ್ಲಾರೂ ನೋಡ್ತಾರೆ ಅನ್ನೋದೇ ಅವನ ಚಿಂತೆ, ಕೊರೋನಾ ಚಿಂತೆ ಒಂಚೂರೂ ಇಲ್ಲ. ಅಚ್ಚು ತೆಗೆದು, ಲ್ಯಾಬಿನವರ ಕೈಕಾಲು ಹಿಡಿದು, ಹಿಂದಿನ ದಿನ ಸಂಜೆ ಕೊಟ್ವಿ.

2021ರ ಮಾರ್ಚ್ 3ಕ್ಕೆ ವಿಶ್ವ ಶ್ರವಣ ದಿನ. 3-3 ಅಂತ ಬರೆದು ನೋಡಿ, ಎರಡು ಕಿವಿ ಥರ ಕಾಣುತ್ತೆ, ಅದಕ್ಕೇ ಆ ದಿನ. ವಿಶ್ವ ಆರೋಗ್ಯ ಸಂಸ್ಥೆ ಆ ದಿನದ ಸಲುವಾಗಿ ಶ್ರವಣದ ಬಗ್ಗೆ ತನ್ನ ಮೊದಲ ಜಾಗತಿಕ ವರದಿ ಬಿಡ್ತು, 150 ಕೋಟಿ ಜನಕ್ಕೆ ಒಂದಲ್ಲ ಒಂದು ಮಟ್ಟದ ತೊಂದರೆ ಇದೆ, 43 ಕೋಟಿ ಜನಕ್ಕೆ ಚಿಕಿತ್ಸೆ ಪುನಶ್ಚೇತನ ಬೇಕು ಅಂತ. ನಾನು ಫೇಸ್‌ಬುಕ್ಕಲ್ಲಿ ಹಾಕಿ ನಾಲ್ಕು ಲೈಕ್ ತಗೊಂಡೆ. ಮುಂದಿನ ತಿಂಗಳೇ ಎರಡನೇ ಅಲೆ.

ಆಗ ಒಂದು ರಾತ್ರಿ ಫೋನ್. ನನ್ನ ಹಳೇ ಪೇಷೆಂಟ್, ನಿವೃತ್ತ ಕಂಡಕ್ಟರು, ಕೋವಿಡ್ ವಾರ್ಡಲ್ಲಿದ್ರು, ಮಷಿನ್ನು ಮನೇಲೇ ಬಿಟ್ಟು ಹೋಗಿದ್ರು. ಮಗಳು ಹೇಳಿದ್ದು: ಅಪ್ಪ ಬೋರಲು ಮಲಗಿ ಅಂದ್ರೆ ಮಲಗಲ್ವಂತೆ, ಮೊಂಡು ಅಂತ ಬೈತಿದಾರಂತೆ. ಅವರಿಗೆ ಕೇಳಿಸ್ತಿರ್ಲಿಲ್ಲ. ಪಿಪಿಇ ಒಳಗಿಂದ, ಎರಡು ಮಾಸ್ಕಿನಾಚೆಯಿಂದ, ಆಕ್ಸಿಜನ್ನಿನ ಸುಯ್ ಸದ್ದಿನ ನಡುವೆ ಯಾರು ಏನು ಹೇಳಿದ್ರೂ ನನಗೂ ಕೇಳಿಸಲ್ಲ. ಅಲ್ಲಿದ್ದವರನ್ನ ಬೈಯೋಕೆ ಮನಸ್ಸಿಲ್ಲ, ಅವರು ಆ ರಾತ್ರಿಗಳಲ್ಲಿ ಏನು ಪಾಡು ಪಟ್ಟಿದಾರೋ. ನಾನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಮಾಡಿ ಕಳಿಸಿದೆ: ‘ನನಗೆ ಕಿವಿ ಕೇಳಿಸಲ್ಲ. ಭುಜ ಮುಟ್ಟಿ ಕರೆಯಿರಿ. ಬರೆದು ತೋರಿಸಿ.’ ಕೆಳಗೆ ಬೋರಲು ಮಲಗಿದ ಗೊಂಬೆ ಚಿತ್ರ, ನೀರಿನ ಲೋಟದ ಚಿತ್ರ, ನೋವಿನ ಮುಖದ ಚಿತ್ರ. ಮಷಿನ್ನನ್ನ ಜಿಪ್ ಕವರಲ್ಲಿ ಹೆಸರು ಬರೆದು ಕಳಿಸಿದ್ವಿ. ಕಂಡಕ್ಟರ್ ಸಾಹೇಬ್ರು ಹನ್ನೆರಡು ದಿನಕ್ಕೆ ಮನೆಗೆ ಬಂದ್ರು. ಮಷಿನ್ ಬರ್ಲಿಲ್ಲ, ಬೆಡ್‌ಶೀಟಿನ ಜೊತೆ ಎಲ್ಲೋ ಹೋಯ್ತು. ಹಾಳೆ ಮಾತ್ರ ಮಡಚಿ ಜೇಬಲ್ಲಿಟ್ಕೊಂಡು ಬಂದಿದ್ರು, ಈಗ್ಲೂ ಆಸ್ಪತ್ರೆಗೆ ಹೋಗೋದಿದ್ರೆ ತಗೊಂಡು ಹೋಗ್ತಾರೆ. ನನ್ನ ಎಲ್ಲಾ ಪೇಷೆಂಟುಗಳ ಫೈಲಲ್ಲೂ ಈಗ ಅದರದ್ದೊಂದು ಕಾಪಿ ಇರುತ್ತೆ.

ಇಷ್ಟನ್ನೂ ಜೂನಿಯರಿಗೆ ಫೋನಲ್ಲಿ ಹೇಳಿದ್ಮೇಲೆ ಅವಳು, "ಅಕ್ಕಾ, ಆ ಸ್ಯಾನಿಟೈಸರ್ ಮೆಸೇಜನ್ನ ಆಮೇಲೆ ಹೇಗೆ ತಿದ್ದಿದ್ರಿ, ಅದನ್ನಾದ್ರೂ ಕಳಿಸಿ" ಅಂದ್ಳು. ಹುಡುಕಿ ಕಳಿಸಿದೆ. ತಾತನ ಫೋನ್ ಬಂದ ದಿನ ಸಂಜೆ ಹೊಸದಾಗಿ ಬರೆದದ್ದು: ‘ಮೊದಲು ಸೋಪಲ್ಲಿ ಕೈ ತೊಳೆದು ಒರೆಸಿಕೊಳ್ಳಿ. ಕಿವಿ ಮಷಿನ್ನನ್ನು ಒಣಗಿದ ಬಟ್ಟೆಯಲ್ಲಿ ಒರೆಸಿ. ಮಷಿನ್ನಿಗೆ ನೀರು, ಸ್ಯಾನಿಟೈಸರ್, ಎಣ್ಣೆ ಯಾವುದನ್ನೂ ಹಾಕಬೇಡಿ. ಕಿವಿ ಅಚ್ಚನ್ನು ಮಾತ್ರ ಬಿಚ್ಚಿ ಸೋಪಿನ ನೀರಲ್ಲಿ ತೊಳೆಯಬಹುದು, ಪೂರ್ತಿ ಒಣಗಿದ ಮೇಲೆ ಜೋಡಿಸಿ.’ ಕಳಿಸೋಕೆ ಮುಂಚೆ ನಮ್ಮ ಕ್ಲಿನಿಕ್ಕಿನ ಆಯಮ್ಮನ ಮುಂದೆ ಓದಿದ್ದೆ. ಅವರು ಕಸಪೊರಕೆ ಹಿಡಿದೇ ಪೂರ್ತಿ ಕೇಳಿ, "ಎಲ್ಲಾ ಸರಿ ಮೇಡಂ, ಒಣಗಿದ ಬಟ್ಟೆ ಅಂದ್ರೆ ಸೀರೆ ಸೆರಗು ಆಗುತ್ತಾ?" ಅಂದ್ರು. ಕಾಟನ್ ಸೀರೆಯಾದ್ರೆ ಆಗುತ್ತೆ ಅಂದೆ. "ಹಂಗಾದ್ರೆ ಅದನ್ನೂ ಬರೀರಿ" ಅಂದ್ರು. ಬರೆದೆ.